ರೊಸೆಟ್ಟಾ ಕೋಡ್: ನೂರಾರು ಭಾಷೆಯ ಉದಾಹರಣೆಗಳಿಗೆ ಕನ್ನಡದ ಒರೆಗಲ್ಲು

ಪೈಥಾನ್ ಚೆನ್ನಾಗಿ ಬರುತ್ತದೆ, ನಾಳೆಯಿಂದ ಗೋ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ. ಅಥವಾ ಜಾವಾದಲ್ಲಿ ಬರೆದಿಟ್ಟಿದ್ದನ್ನು ಪಿಎಚ್‌ಪಿಗೆ ತರಬೇಕು. ಆಗ ಇಡೀ ಪುಸ್ತಕ ಓದಲು ಪುರುಸೊತ್ತಿರುವುದಿಲ್ಲ. 'ಅಲ್ಲಿ ಹಾಗೆ ಬರೆಯುತ್ತಿದ್ದೆ, ಇಲ್ಲಿ ಹೇಗೆ?' ಅನ್ನುವ ಒಂದೇ ಪ್ರಶ್ನೆಗೆ ಹತ್ತು ಸಾಲಿನ ಉತ್ತರ ಸಾಕು. ಆ ಕೆಲಸಕ್ಕೆಂದೇ ಇರುವ ತಾಣ ರೊಸೆಟ್ಟಾ ಕೋಡ್. 2007ರಲ್ಲಿ ಮೈಕ್ ಮೋಲ್ ಶುರುಮಾಡಿದ ವಿಕಿ ಇದು. ಒಂದೇ ಶಾಸನವನ್ನು ಮೂರು ಲಿಪಿಯಲ್ಲಿ ಕೆತ್ತಿದ್ದ ಈಜಿಪ್ಟಿನ ರೊಸೆಟ್ಟಾ ಕಲ್ಲಿನ ಹೆಸರನ್ನೇ ಇಟ್ಟಿದ್ದಾರೆ. ಒಂದು ಸಮಸ್ಯೆಗೆ ಒಂದು ಪುಟ, ಆ ಪುಟದಲ್ಲಿ ಎಷ್ಟು ಭಾಷೆಗಳಲ್ಲಿ ಪರಿಹಾರ ಸಿಕ್ಕಿದೆಯೋ ಅಷ್ಟೂ. ಸಾವಿರಕ್ಕೂ ಹೆಚ್ಚು ಸಮಸ್ಯೆಗಳಿವೆ, ನೂರಾರು ಭಾಷೆಗಳಿವೆ. ಓದುವುದಕ್ಕೆ ದುಡ್ಡಿಲ್ಲ, ಲಾಗಿನ್ ಬೇಕಿಲ್ಲ.

ಭಾಷೆಯಿಂದ ಭಾಷೆಗೆ ದಾಟುವವರಿಗೆ ಇದರಷ್ಟು ಉಪಯೋಗದ ತಾಣ ಇನ್ನೊಂದಿಲ್ಲ. ಆದರೆ ಇಲ್ಲಿನ ಬಹುಪಾಲು ಕೋಡನ್ನು ಇಂಗ್ಲಿಷ್ ಪಠ್ಯದ ಮೇಲೆ ಮಾತ್ರ ಓಡಿಸಿ ನೋಡಲಾಗಿದೆ. ಹೆಸರು, ವಿಳಾಸ, ಊರು ಎಲ್ಲ ಕನ್ನಡದಲ್ಲಿ ಬರುವ ಕಡೆ ಇದನ್ನು ಹಾಗೇ ಎತ್ತಿ ಅಂಟಿಸಿದರೆ ಕೆಡುತ್ತದೆ. ಎಲ್ಲಿ, ಏಕೆ ಕೆಡುತ್ತದೆ ಅನ್ನುವುದಕ್ಕೇ ಈ ವಿಮರ್ಶೆಯ ಹೆಚ್ಚು ಜಾಗ.

ಮೊದಲು ಪುಟದ ರಚನೆ ನೋಡೋಣ. ಮೇಲ್ಗಡೆ ಸಮಸ್ಯೆಯ ವಿವರಣೆ, ಕೆಳಗೆ ಅಕಾರಾದಿಯಾಗಿ ಭಾಷೆಗಳು, ಪ್ರತಿ ಕೋಡಿನ ಕೆಳಗೆ ಸಾಮಾನ್ಯವಾಗಿ ಅದರ ಔಟ್‌ಪುಟ್. ಕೋಡಿನ ಮೇಲೆ ಸಣ್ಣ ಚೀಟಿಯಂತೆ 'ಇಂಥ ಆವೃತ್ತಿಯಲ್ಲಿ ಓಡುತ್ತದೆ', 'ಇಂಥ ಭಾಷೆಯಿಂದ ಅನುವಾದ' ಎಂಬ ಗುರುತುಗಳು ಇರುತ್ತವೆ. ಈ ಎರಡನೇ ಗುರುತನ್ನು ಕಡೆಗಣಿಸಬೇಡಿ. ಸಿ ಭಾಷೆಯಿಂದ ಅನುವಾದವಾದ ರೂಬಿ ಕೋಡ್ ಓಡುತ್ತದೆ, ಆದರೆ ರೂಬಿಯವರು ಹಾಗೆ ಬರೆಯುವುದಿಲ್ಲ. ಭಾಷೆಯ ಜಾಯಮಾನ ಕಲಿಯಲು ಹೊರಟವರು ಅಂಥ ತುಣುಕನ್ನು ಬಿಟ್ಟು ಮುಂದಿನದನ್ನು ನೋಡಬೇಕು.

ಜಾಯಮಾನ ಹಿಡಿಯುವುದಕ್ಕೆ ಒಳ್ಳೆಯ ಪುಟವೆಂದರೆ 'ನೂರು ಬಾಗಿಲು'. ಮುಚ್ಚಿದ 100 ಬಾಗಿಲು, 100 ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲ ಬಾಗಿಲನ್ನೂ ಮುಟ್ಟಬೇಕು, ಎರಡನೆಯದರಲ್ಲಿ ಎರಡಕ್ಕೊಂದು, ಮೂರನೆಯದರಲ್ಲಿ ಮೂರಕ್ಕೊಂದು. ಮುಟ್ಟಿದ ಬಾಗಿಲು ಮುಚ್ಚಿದ್ದರೆ ತೆರೆಯುತ್ತದೆ, ತೆರೆದಿದ್ದರೆ ಮುಚ್ಚುತ್ತದೆ. ಕೊನೆಗೆ ತೆರೆದಿರುವುದು 1, 4, 9, 16ರಿಂದ 100ರವರೆಗಿನ ಹತ್ತು ಬಾಗಿಲು ಮಾತ್ರ, ಏಕೆಂದರೆ ವರ್ಗಸಂಖ್ಯೆಗಳಿಗಷ್ಟೇ ಭಾಜಕಗಳ ಸಂಖ್ಯೆ ಬೆಸ. ಅನೇಕ ಭಾಷೆಗಳಲ್ಲಿ ಇದಕ್ಕೆ ಎರಡು ರೂಪ ಕೊಟ್ಟಿದ್ದಾರೆ: ಸುತ್ತು ಹಾಕಿ ಮಾಡುವುದು, ನೇರವಾಗಿ ವರ್ಗಸಂಖ್ಯೆ ಎಣಿಸುವುದು. ಎರಡನ್ನೂ ಪಕ್ಕಪಕ್ಕದಲ್ಲಿ ಓದಿದರೆ ಆ ಭಾಷೆಯ ಲೂಪ್, ಅರೇ, ಸೂಚ್ಯಂಕ ಸೊನ್ನೆಯಿಂದಲೋ ಒಂದರಿಂದಲೋ ಎಂಬುದೆಲ್ಲ ಐದು ನಿಮಿಷದಲ್ಲಿ ಕೈಗೆ ಹತ್ತುತ್ತದೆ.

ಇನ್ನು ಪಠ್ಯದ ವಿಷಯ. 'ಸ್ಟ್ರಿಂಗ್ ಉದ್ದ' ಎಂಬ ಪುಟ ಈ ತಾಣದ ಅತ್ಯುತ್ತಮ ಪುಟಗಳಲ್ಲೊಂದು. ಉದ್ದ ಅಂದರೆ ಏನು ಎಂದು ಅದು ಮೊದಲೇ ಬಿಡಿಸಿ ಕೇಳುತ್ತದೆ: ಬೈಟುಗಳೆಷ್ಟು, ಕೋಡ್‌ಪಾಯಿಂಟುಗಳು (ಪ್ರತಿ ಅಕ್ಷರಕ್ಕೆ, ಚಿಹ್ನೆಗೆ ಯೂನಿಕೋಡ್ ಕೊಟ್ಟ ಸಂಖ್ಯೆ) ಎಷ್ಟು, ಓದುಗನ ಕಣ್ಣಿಗೆ ಕಾಣುವ ಗ್ರಾಫೀಮುಗಳೆಷ್ಟು. ಈ ಮೂರೂ ಬೇರೆಬೇರೆ ಎಂಬುದು ಇಂಗ್ಲಿಷ್ ಪದದಲ್ಲಿ ಗೊತ್ತೇ ಆಗುವುದಿಲ್ಲ. 'ಕನ್ನಡ' ಎಂಬ ಪದವನ್ನೇ ಕೊಟ್ಟು ನೋಡಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ: ಕ, ನ್ನ, ಡ. ಯೂನಿಕೋಡ್ ಒಳಗೆ ಅದು ಕ, ನ, ವಿರಾಮ ಚಿಹ್ನೆ (ಅಕ್ಷರವನ್ನು ಅರ್ಧವಾಗಿಸುವ '್'), ನ, ಡ ಎಂದು ಐದು ಕೋಡ್‌ಪಾಯಿಂಟು. ಯೂನಿಕೋಡನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ ಮೂರು ಬೈಟು, ಹಾಗಾಗಿ 15 ಬೈಟು.

ಈಗ ಅದೇ ಪುಟದ ಕೋಡುಗಳನ್ನು ಈ ಪದದ ಮೇಲೆ ಓಡಿಸಿದರೆ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ರೂಬಿ 5 ಎನ್ನುತ್ತವೆ. ಗೋದ 'ಲೆನ್', ರಸ್ಟ್‌ನ 'ಲೆನ್', ಪಿಎಚ್‌ಪಿಯ 'ಸ್ಟ್ರ್‌ಲೆನ್' 15 ಎನ್ನುತ್ತವೆ. ಸ್ವಿಫ್ಟ್‌ನ 'ಕೌಂಟ್' 4 ಎನ್ನುತ್ತದೆ. ಯಾವುದೂ 3 ಅನ್ನುವುದಿಲ್ಲ! ಸ್ವಿಫ್ಟ್ ಗ್ರಾಫೀಮುಗಳನ್ನೇ ಎಣಿಸಿದರೂ 'ನ್' ಒಂದು, 'ನ' ಇನ್ನೊಂದು ಎಂದು ಹಿಡಿಯುತ್ತದೆ. ಒತ್ತಕ್ಷರವನ್ನು ಒಂದೇ ಗುಂಪಾಗಿ ಹಿಡಿಯುವ ನಿಯಮ ಯೂನಿಕೋಡ್ 15.1ರಲ್ಲಿ ಬಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಸೇರಿದವು, ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕಣ್ಣಿಗೆ ಕಾಣುವ ಅಕ್ಷರಗಳ ಎಣಿಕೆಯೇ ಬೇಕು (ಪದಬಂಧದ ಆಟಕ್ಕೆ, ಮಕ್ಕಳ ಕಲಿಕೆಯ ಆ್ಯಪಿಗೆ) ಎಂದರೆ ಗ್ರಾಫೀಮುಗಳನ್ನು ಬೇರ್ಪಡಿಸಿದ ಮೇಲೆ, ವಿರಾಮ ಚಿಹ್ನೆಯಲ್ಲಿ ಮುಗಿಯುವ ತುಂಡನ್ನು ಅದರ ಮುಂದಿನ ವ್ಯಂಜನದ ತುಂಡಿಗೆ ನೀವೇ ಜೋಡಿಸಬೇಕು. ವಿರಾಮ ಚಿಹ್ನೆಯ ಕೋಡ್‌ಪಾಯಿಂಟು ದಶಮಾನದಲ್ಲಿ 3277. ಪದದ ಕೊನೆಯಲ್ಲಿ 'ಬಸ್' ಎಂಬಂತೆ ಅರ್ಧಾಕ್ಷರ ಬಂದರೆ ಮುಂದೆ ಜೋಡಿಸಲು ಏನೂ ಇರುವುದಿಲ್ಲ, ಅದನ್ನು ಹಾಗೇ ಬಿಡಬೇಕು. 'ಬಸ್' ಎರಡು ಅಕ್ಷರ.

ಯಾವ ಎಣಿಕೆ ಎಲ್ಲಿ ಬೇಕು ಅನ್ನುವುದನ್ನು ಆ ಪುಟ ಹೇಳುವುದಿಲ್ಲ. ಕೆಲಸಕ್ಕೆ ಬೇಕಾದದ್ದು ಅದೇ ಆದ್ದರಿಂದ ಇಲ್ಲಿ ಹೇಳಬೇಕು. ಒರಾಕಲ್ ಡೇಟಾಬೇಸಿನಲ್ಲಿ ಕಾಲಮ್ಮಿನ ಅಗಲವನ್ನು ಬರೀ 20 ಎಂದು ಕೊಟ್ಟರೆ ಡೀಫಾಲ್ಟ್ ಆಗಿ ಅದು 20 ಬೈಟು, ಅಂದರೆ ಕನ್ನಡದ ಆರೇ ಕೋಡ್‌ಪಾಯಿಂಟು. 'ಕರ್ನಾಟಕ' ಎಂಬ ಪದಕ್ಕೇ 21 ಬೈಟು ಬೇಕು, ಸೇರಿಸಲು ಹೋದರೆ ಎರರ್. ಸಂಖ್ಯೆಯ ನಂತರ 'ಚಾರ್' ಎಂದು ಬರೆದರೆ ಸರಿಹೋಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅಗಲ ಕ್ಯಾರೆಕ್ಟರ್ ಲೆಕ್ಕದಲ್ಲೇ ಇರುತ್ತದೆ, ಆದರೆ ಅಲ್ಲಿನ 'ಲೆಂಗ್ತ್' ಬೈಟು ಎಣಿಸುತ್ತದೆ, 'ಕ್ಯಾರ್ ಲೆಂಗ್ತ್' ಕೋಡ್‌ಪಾಯಿಂಟು ಎಣಿಸುತ್ತದೆ. ಎಸ್ಸೆಮ್ಮೆಸ್ಸಿನ ಲೆಕ್ಕ ಮತ್ತೊಂದು: ಇಂಗ್ಲಿಷಿಗೆ 160 ಇದ್ದದ್ದು ಕನ್ನಡಕ್ಕೆ 70, ಉದ್ದವಾಗಿ ಮುರಿದು ಕಳಿಸಿದರೆ ಪ್ರತಿ ಭಾಗಕ್ಕೆ 67. ಅಲ್ಲಿ 'ಕರ್ನಾಟಕ' ಏಳು ಜಾಗ ತಿನ್ನುತ್ತದೆ. ಆ ಲೆಕ್ಕಕ್ಕೆ ಜಾವಾಸ್ಕ್ರಿಪ್ಟಿನ 'ಲೆಂಗ್ತ್' ಕೊಡುವ ಉತ್ತರವೇ ಸರಿ.

ಕತ್ತರಿಸುವಾಗ ಆಗುವ ಅನಾಹುತ ಇದಕ್ಕಿಂತ ದೊಡ್ಡದು. ಪಿಎಚ್‌ಪಿಯ 'ಸಬ್‌ಸ್ಟ್ರ್' ಬಳಸಿ 'ಕನ್ನಡ' ಪದದ ಮೊದಲ 10 ಬೈಟು ತೆಗೆದರೆ ಮೂರು ಕೋಡ್‌ಪಾಯಿಂಟು ಪೂರ್ತಿ ಬಂದು ನಾಲ್ಕನೆಯದರ ಮೂರರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ಕರಿ ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಬರುವುದು ಹೀಗೆ. ಅದೇ ಪಠ್ಯವನ್ನು ಬೇರೆ ಪ್ರೋಗ್ರಾಮಿಗೆ ಕಳಿಸಲು ಜೇಸನ್ ರೂಪಕ್ಕೆ ತರುವ 'ಜೇಸನ್ ಎನ್‌ಕೋಡ್'ಗೆ ಕೊಟ್ಟರೆ ಅದು ಸುಮ್ಮನೆ 'ಫಾಲ್ಸ್' ಹಿಂದಿರುಗಿಸುತ್ತದೆ, ಎಪಿಐ ಖಾಲಿ ಉತ್ತರ ಕಳಿಸುತ್ತದೆ, ತಪ್ಪು ಎಲ್ಲಿದೆ ಎಂದು ಲಾಗ್ ಹೇಳುವುದಿಲ್ಲ. 'ಎಂಬಿ' ಎಂದು ಶುರುವಾಗುವ ಫಂಕ್ಷನ್ನುಗಳನ್ನೇ ಬಳಸಿ. ಆಗಲೂ ಮೂರು ಕೋಡ್‌ಪಾಯಿಂಟಿಗೆ ಕತ್ತರಿಸಿದರೆ 'ಕನ್' ಸಿಗುತ್ತದೆ. ಅದು ಕೆಟ್ಟ ಪಠ್ಯವಲ್ಲ, ಆದರೆ ಬೇರೆ ಪದ.

'ಸ್ಟ್ರಿಂಗ್ ತಿರುಗಿಸು' ಎಂಬ ಪುಟದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಪೈಥಾನಿನವರು [::-1] ಎಂದು ಬರೆದು ಮುಗಿಸುತ್ತಾರೆ. 'ಕನ್ನಡ' ಕೊಟ್ಟರೆ 'ಡನ್ನಕ' ಬರುತ್ತದೆ, ಸರಿಯಾಗಿದೆ ಅನಿಸುತ್ತದೆ. ಅದು ಅದೃಷ್ಟ: ವಿರಾಮದ ಎರಡೂ ಪಕ್ಕ ಒಂದೇ ಅಕ್ಷರ ಇರುವುದರಿಂದ ತಿರುಗಿಸಿದರೂ ಒತ್ತು ಕೆಡಲಿಲ್ಲ. 'ಕರ್ನಾಟಕ' ಕೊಡಿ. ಬರಬೇಕಾದ್ದು 'ಕಟರ್ನಾಕ'. ಪೈಥಾನ್ ಮತ್ತು ಜಾವಾದ 'ಸ್ಟ್ರಿಂಗ್‌ಬಿಲ್ಡರ್' ಕೊಡುವುದು 'ಕಟಾನ್ರಕ': ನಕಾರದ ದೀರ್ಘ ಹೋಗಿ ಟಕಾರಕ್ಕೆ ಅಂಟಿತು, 'ರ್ನ' ಹೋಗಿ 'ನ್ರ' ಆಯಿತು. ಸ್ವಿಫ್ಟ್ ಕೊಡುವುದು 'ಕಟನಾರ್ಕ': ದೀರ್ಘ ಸರಿಯಾಗಿದೆ, ಆದರೆ ಅರ್ಕಾವತ್ತು ತಪ್ಪು ಅಕ್ಷರಕ್ಕೆ ಸೇರಿತು. ಪಿಎಚ್‌ಪಿಯ 'ಸ್ಟ್ರ್‌ರೆವ್' ಬೈಟುಗಳನ್ನೇ ತಿರುಗಿಸಿ ಓದಲಾಗದ ಕಸ ಕೊಡುತ್ತದೆ. ಮೂಲ ಪುಟ ಕೂಡ ಚಿಹ್ನೆ ಕೂಡಿದ ಅಕ್ಷರ ಕೆಡದಂತೆ ತಿರುಗಿಸಿದರೆ ಹೆಚ್ಚಿನ ಮೆಚ್ಚುಗೆ ಎನ್ನುತ್ತದೆ. ಆ ಹೆಚ್ಚುವರಿ ಭಾಗಕ್ಕೆ ಉತ್ತರ ಕೊಟ್ಟ ಭಾಷೆಗಳ ಕೋಡನ್ನೇ ಮೊದಲು ಓದಿ.

ಪದ ಎಣಿಸುವ ಪುಟದಲ್ಲಿ ಕಾದಿರುವ ತಪ್ಪು ಸದ್ದಿಲ್ಲದ್ದು. ಪದಗಳನ್ನು ಬೇರ್ಪಡಿಸಲು, ಪಠ್ಯದಲ್ಲಿ ಮಾದರಿ ಹುಡುಕುವ ಸಂಕೇತವಾದ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ 'ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು' ಬಳಸುವುದು ಎಲ್ಲರ ರೂಢಿ. ಪೈಥಾನಿನ ಜೊತೆಗೇ ಬರುವ 'ಆರ್‌ಇ' ಮಾಡ್ಯೂಲಿಗೆ ಗುಣಿತ ಚಿಹ್ನೆ, ವಿರಾಮ ಯಾವುದೂ ಅಕ್ಷರವಲ್ಲ. 'ಕನ್ನಡ' ಕೊಟ್ಟರೆ 'ಕನ', 'ನಡ' ಎಂದು ಎರಡು ಪದ ಬರುತ್ತದೆ. 'ಕರ್ನಾಟಕ' ಕೊಟ್ಟರೆ 'ಕರ', 'ನ', 'ಟಕ' ಎಂದು ಮೂರು. ಎರರ್ ಬರುವುದಿಲ್ಲ, ಪಟ್ಟಿ ತುಂಬುತ್ತದೆ, ಎಣಿಕೆ ಮಾತ್ರ ಸುಳ್ಳು. ಜಾವಾಸ್ಕ್ರಿಪ್ಟ್ ಮತ್ತು ಗೋದಲ್ಲಿ ಅದೇ ಸಂಕೇತ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನೂ ಹಿಡಿಯದ ಕಾರಣ ಕನ್ನಡದ ಒಂದು ಪದವೂ ಸಿಗುವುದಿಲ್ಲ. ಅದಾದರೂ ಮೇಲು, ಕಣ್ಣಿಗೆ ಬೀಳುತ್ತದೆ.

ಪರಿಹಾರ ಕಷ್ಟವಿಲ್ಲ. ಪೈಥಾನಿನಲ್ಲಿ ಪಿಪ್ ಎಂಬ ಅಳವಡಿಕೆ ಸಾಧನದ ಮೂಲಕ 'ರೆಜೆಕ್ಸ್' ಎಂಬ ಬೇರೆ ಮಾಡ್ಯೂಲ್ ಹಾಕಿಕೊಂಡರೆ ಅದೇ ಸಂಕೇತ ಗುಣಿತವನ್ನೂ ಸೇರಿಸಿ ಹಿಡಿಯುತ್ತದೆ. ಜಾವಾದಲ್ಲಿ ಪ್ಯಾಟರ್ನ್ ಕಂಪೈಲ್ ಮಾಡುವಾಗ 'ಯೂನಿಕೋಡ್ ಕ್ಯಾರೆಕ್ಟರ್ ಕ್ಲಾಸ್' ಫ್ಲ್ಯಾಗ್ ಕೊಡಿ. ಜಾವಾಸ್ಕ್ರಿಪ್ಟಿನಲ್ಲಿ ಯೂನಿಕೋಡಿನ 'ಎಲ್' ವರ್ಗ (ಅಕ್ಷರಗಳು) ಮತ್ತು 'ಎಂ' ವರ್ಗ (ಚಿಹ್ನೆಗಳು) ಎರಡನ್ನೂ ಒಂದೇ ಚೌಕ ಕಂಸದಲ್ಲಿಟ್ಟು ಕೊನೆಗೆ 'ಯು' ಫ್ಲ್ಯಾಗ್ ಹಚ್ಚಿ.

ಅಂಕಿಯ ಕಥೆ ಇದಕ್ಕೆ ತಿರುಗಾಮುರುಗಾ. ಪೈಥಾನಿನಲ್ಲಿ 'ಬ್ಯಾಕ್‌ಸ್ಲ್ಯಾಷ್ ಡಿ' ಕನ್ನಡ ಅಂಕಿಯನ್ನೂ ಒಪ್ಪುತ್ತದೆ, '೧೨೩' ಎಂಬ ಪಠ್ಯವನ್ನು 'ಇಂಟ್'ಗೆ ಕೊಟ್ಟರೆ 123 ಎಂದೇ ಕೊಡುತ್ತದೆ. ಜಾವಾದ 'ಪಾರ್ಸ್‌ಇಂಟ್' ಕೂಡ ಹಾಗೇ. ಜಾವಾಸ್ಕ್ರಿಪ್ಟ್ 'ನ್ಯಾನ್' (ಇದು ಸಂಖ್ಯೆಯಲ್ಲ) ಅನ್ನುತ್ತದೆ, ಗೋ ಎರರ್ ಕೊಡುತ್ತದೆ. ಬಳಕೆದಾರರು ತುಂಬುವ ಫಾರ್ಮ್ ಜಾವಾಸ್ಕ್ರಿಪ್ಟಿನಲ್ಲಿ, ಅದರ ಹಿಂದಿರುವ ಸರ್ವರ್ ಪೈಥಾನಿನಲ್ಲಿ ಇದ್ದಾಗ ಒಂದೇ ಮೊಬೈಲ್ ನಂಬರ್ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಆಗುವುದು ಇದರಿಂದ. ಬರೀ 0-9 ಬೇಕಾದರೆ ಹಾಗೆಂದೇ ಬರೆಯಿರಿ.

ಹೆಸರು ಹೊಂದಿಸುವ ಕೆಲಸಕ್ಕೆ ಎಲ್ಲರೂ ಹೋಗುವುದು 'ಲೆವೆನ್‌ಸ್ಟೈನ್ ಅಂತರ' ಪುಟಕ್ಕೆ. ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ತಿದ್ದುಪಡಿ ಬೇಕು ಎಂಬ ಲೆಕ್ಕ ಅದು. ಪಿಎಚ್‌ಪಿಯಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ನೇ ಇದೆ, ಆದರೆ ಅದು ಎಣಿಸುವುದು ಬೈಟನ್ನು. 'ಮನ'ವನ್ನು 'ಮನೆ' ಮಾಡಲು ಅದು 3 ಎನ್ನುತ್ತದೆ, 'ಕಲ'ವನ್ನು 'ಕಳ' ಮಾಡಲು 1 ಎನ್ನುತ್ತದೆ. ಎರಡರಲ್ಲೂ ಬದಲಾಗಿದ್ದು ಒಂದೇ ಕೋಡ್‌ಪಾಯಿಂಟು. 'ಅಂತರ 2ರ ಒಳಗಿದ್ದರೆ ಒಂದೇ ಹೆಸರು' ಎಂದು ಮಿತಿ ಹಾಕಿದ್ದರೆ ಮೊದಲನೆಯ ಜೋಡಿ ಜಾರಿಹೋಗುತ್ತದೆ. ಕೋಡ್‌ಪಾಯಿಂಟುಗಳ ಅರೇ ಮಾಡಿಕೊಂಡು ಲೆಕ್ಕ ಹಾಕುವ ತುಣುಕನ್ನೇ ಆರಿಸಿ.

ಸಿಎಸ್‌ವಿ (ಕೋಶಗಳ ನಡುವೆ ಅಲ್ಪವಿರಾಮ ಇಟ್ಟ ಕಡತ) ಪುಟವನ್ನು ಪೂರ್ತಿ ನಂಬಬೇಡಿ. ಅಲ್ಲಿ ಕೊಟ್ಟ ಮಾದರಿ ಕಡತದಲ್ಲಿ ತಲೆಸಾಲು ಬಿಟ್ಟರೆ ಬರೀ ಅಂಕಿಗಳಿವೆ, ಉದ್ಧರಣ ಚಿಹ್ನೆ ಎಲ್ಲೂ ಇಲ್ಲ. ಹಾಗಾಗಿ ಅಲ್ಪವಿರಾಮ ಕಂಡಲ್ಲಿ ಕತ್ತರಿಸುವ ಕೋಡ್ ಅಲ್ಲಿ ಗೆಲ್ಲುತ್ತದೆ. ನಿಜವಾದ ಕಡತದಲ್ಲಿ "ಜಯನಗರ, ಬೆಂಗಳೂರು" ಎಂಬ ಒಂದು ಕೋಶ ಬಂದ ಕೂಡಲೇ ಕಾಲಮ್ಮುಗಳು ಒಂದರಂತೆ ಬಲಕ್ಕೆ ಸರಿಯುತ್ತವೆ, ಪಿನ್‌ಕೋಡ್ ಇರಬೇಕಾದಲ್ಲಿ ಊರು ಕೂರುತ್ತದೆ. ಭಾಷೆಯ ಜೊತೆ ಬರುವ ಸಿಎಸ್‌ವಿ ಲೈಬ್ರರಿಯನ್ನು ಬಳಸಿದ ಉತ್ತರ ಹುಡುಕಿ. ಪೈಥಾನಿನಲ್ಲಿ ಬರೆಯಲೆಂದು ಕಡತ ತೆರೆಯುವಾಗ ಎರಡು ಮಾತು ನೆನಪಿಡಬೇಕು: 'ನ್ಯೂಲೈನ್'ಗೆ ಖಾಲಿ ಸ್ಟ್ರಿಂಗ್ ಕೊಡದಿದ್ದರೆ ವಿಂಡೋಸ್‌ನಲ್ಲಿ ಪ್ರತಿ ಸಾಲಿನ ನಂತರ ಒಂದು ಖಾಲಿ ಸಾಲು ಬೀಳುತ್ತದೆ. ಎನ್‌ಕೋಡಿಂಗನ್ನು 'ಯುಟಿಎಫ್-8-ಸಿಗ್' ಎಂದು ಕೊಟ್ಟು ಬರೆಯದಿದ್ದರೆ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡದ ಬದಲು ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತವಾದರೆ ಅದು ಯೂನಿಕೋಡೇ ಅಲ್ಲ, ಮೊದಲು ಪರಿವರ್ತಕದಲ್ಲಿ ಹಾಯಿಸಿದ ಮೇಲೆಯೇ ಮೇಲಿನ ಮಾತೆಲ್ಲ ಅನ್ವಯ.

ತಾಣದ ಎರಡನೇ ದೌರ್ಬಲ್ಯ ವಯಸ್ಸು. ಪೈಥಾನ್ 2ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿ 1ಕ್ಕೆ, ಅದರ ಕಾಲದ ಕೋಡ್ ಇನ್ನೂ ಅಲ್ಲಲ್ಲಿ ಉಳಿದಿದೆ. 'ಪ್ರಿಂಟ್' ಪಕ್ಕ ಕಂಸ ಇಲ್ಲದಿದ್ದರೆ ಕೂಡಲೇ ಎರರ್ ಬರುತ್ತದೆ, ಅದು ಭಯವಿಲ್ಲ. ಭಯ ಇರುವುದು ಭಾಗಾಕಾರದಲ್ಲಿ: 7/2 ಅಂದರೆ ಆಗ 3, ಈಗ 3.5. ಸರಾಸರಿ ತೆಗೆಯುವ, ಅರೇಯ ನಡು ಹುಡುಕುವ ಕೋಡಿನಲ್ಲಿ ಒಂದೇ ಓರೆಗೆರೆ ಇದ್ದರೆ ಎರಡು ಓರೆಗೆರೆ ಬೇಕೇ ಎಂದು ಯೋಚಿಸಿ. ಗೋದಲ್ಲಿ 1.22ರಿಂದ ಲೂಪಿನ ಚರಾಂಶ ಪ್ರತಿ ಸುತ್ತಿಗೂ ಹೊಸದು. ಅದಕ್ಕೆ ಮುಂಚಿನ ಕೋಡಿನಲ್ಲಿ ಅದನ್ನೇ ಇನ್ನೊಮ್ಮೆ ನಕಲು ಮಾಡಿಕೊಂಡ ವಿಚಿತ್ರ ಸಾಲು ಕಂಡರೆ ಕಾರಣ ಇದು. ಸಿ ಭಾಷೆಯ 'ಗೆಟ್ಸ್' ಕಂಡರೆ ಆ ತುಣುಕನ್ನೇ ಬಿಟ್ಟುಬಿಡಿ, 2011ರ ಸ್ಟ್ಯಾಂಡರ್ಡ್ ಅದನ್ನು ಕಿತ್ತುಹಾಕಿದೆ.

ಫ್ರೇಮ್‌ವರ್ಕುಗಳ (ಆ್ಯಪ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳ) ಉದಾಹರಣೆ ಇಲ್ಲಿ ಹುಡುಕಬೇಡಿ. ರಿಯಾಕ್ಟ್, ಜ್ಯಾಂಗೊ, ಸ್ಪ್ರಿಂಗ್ ಬೂಟ್ ಇವೆಲ್ಲಕ್ಕೆ ಆಯಾ ಅಧಿಕೃತ ದಾಖಲೆಯೇ ಸರಿ, ಏಕೆಂದರೆ ಅಲ್ಲಿ ಬದಲಾವಣೆ ಇನ್ನೂ ಬೇಗ. ಸ್ಪ್ರಿಂಗ್ ಬೂಟ್ 3ರಲ್ಲಿ 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಬಂತು, ಹಳೆಯ ತುಣುಕು ಕಂಪೈಲೇ ಆಗುವುದಿಲ್ಲ. ಜ್ಯಾಂಗೊ 4ರಲ್ಲಿ ಹಳೆಯ 'ಯುಆರ್‌ಎಲ್' ಫಂಕ್ಷನ್ ಇಲ್ಲ. ರಿಯಾಕ್ಟ್ 19ರಲ್ಲಿ ಹಳೆಯ 'ರೆಂಡರ್' ಕರೆ ಇಲ್ಲ.

ಇದೇ ಬಗೆಯ ಇತರ ತಾಣಗಳ ಜೊತೆ ಹೋಲಿಸಿದರೆ ಒಂದೊಂದರ ಜಾಗ ಸ್ಪಷ್ಟವಾಗುತ್ತದೆ. ಗೋ ಒಂದನ್ನೇ ಕಲಿಯುವವರಿಗೆ 'ಗೋ ಬೈ ಎಕ್ಸಾಂಪಲ್' ಹೆಚ್ಚು ಹಿತ: ಒಂದು ಪಕ್ಕ ಕೋಡ್, ಇನ್ನೊಂದು ಪಕ್ಕ ಸಾಲುಸಾಲಿಗೆ ವಿವರಣೆ. ಅಲ್ಲಿನ ಸ್ಟ್ರಿಂಗ್ ಪಾಠ ಇಂಗ್ಲಿಷ್ ಪದ ಬಿಟ್ಟು ಥಾಯ್ ಪದ ತೆಗೆದುಕೊಂಡಿದೆ, 18 ಬೈಟು, 6 ರೂನ್ (ಕೋಡ್‌ಪಾಯಿಂಟಿಗೆ ಗೋದಲ್ಲಿ ಇಟ್ಟ ಹೆಸರು) ಎಂದು ತೋರಿಸುತ್ತದೆ. ನಮ್ಮ ಲಿಪಿಯವರಿಗೆ ಅದು ನೇರವಾಗಿ ನಾಟುವ ಪಾಠ. 'ಲರ್ನ್ ಎಕ್ಸ್ ಇನ್ ವೈ ಮಿನಿಟ್ಸ್' ಇಡೀ ಭಾಷೆಯನ್ನು ಟಿಪ್ಪಣಿ ತುಂಬಿದ ಒಂದೇ ಕಡತದಲ್ಲಿ ಕೊಡುತ್ತದೆ, ಬಸ್ಸಿನಲ್ಲಿ ಕೂತು ಓದಲು ಚೆನ್ನ. ಟರ್ಮಿನಲ್ ಕಮಾಂಡಿಗೆ 'ಟಿಎಲ್‌ಡಿಆರ್': ಪುಟಕ್ಕೆ ಎಂಟು ಉದಾಹರಣೆ ಮೀರಬಾರದು ಎಂಬ ನಿಯಮ ಇಟ್ಟುಕೊಂಡಿರುವುದರಿಂದ 'ಟಾರ್' ಆಗಲಿ 'ಫೈಂಡ್' ಆಗಲಿ ಬೇಕಾದ್ದು ಒಂದೇ ಪರದೆಯಲ್ಲಿ ಸಿಗುತ್ತದೆ. ಬ್ರೌಸರ್ ಜಾವಾಸ್ಕ್ರಿಪ್ಟಿಗೆ ಮೊಜಿಲ್ಲಾದ ದಾಖಲೆ ತಾಣ ಎಂಡಿಎನ್ ಬಿಟ್ಟು ಬೇರೆ ನೋಡುವುದೇ ಬೇಡ.

ನಕಲು ಹಕ್ಕಿನ ಮಾತು ಕಂಪನಿಯಲ್ಲಿರುವವರಿಗೆ. ರೊಸೆಟ್ಟಾ ಕೋಡಿನ ಪಠ್ಯ ಗ್ನೂ ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್ ಅಡಿಯಲ್ಲಿದೆ. ಪುಸ್ತಕ, ಕೈಪಿಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪರವಾನಗಿ ಅದು. ತುಣುಕನ್ನು ಹಾಗೇ ಪ್ರಾಡಕ್ಟಿನೊಳಗೆ ಅಂಟಿಸಿದರೆ ಅದರ ಷರತ್ತುಗಳು ಕೋಡಿಗೆ ಸರಿಹೊಂದುವುದಿಲ್ಲ. ವಿಧಾನ ಓದಿ ಅರ್ಥಮಾಡಿಕೊಂಡು ಸ್ವಂತವಾಗಿ ಬರೆಯಿರಿ. ಎಂಡಿಎನ್‌ನಲ್ಲಿ 2010ರ ಆಗಸ್ಟ್ 20ರಿಂದ ಸೇರಿದ ಕೋಡ್ ಮಾದರಿಗಳಿಗೆ ಇಂಥ ಕಟ್ಟುಪಾಡಿಲ್ಲ, ಅವು ಹಕ್ಕು ಬಿಟ್ಟುಕೊಡುವ ಸಿಸಿ-ಝೀರೊ ಅಡಿಯಲ್ಲಿವೆ.

ಯಾವ ತಾಣದ ತುಣುಕೇ ಇರಲಿ, ಬಳಸುವ ಮುನ್ನ ಮೂರು ಪದ ಹಾಯಿಸಿ. 'ಕನ್ನಡ': 5 ಕೋಡ್‌ಪಾಯಿಂಟು, 15 ಬೈಟು. 'ಕರ್ನಾಟಕ': 7 ಮತ್ತು 21. ಮೂರನೆಯದು 'ರ‍್ಯಾಂಕ್'. ರಕಾರ ಅರ್ಕಾವತ್ತಾಗದೆ ಪೂರ್ತಿ ರಕಾರವಾಗಿಯೇ ನಿಂತು ಯಕಾರ ಕೆಳಗೆ ಬರಲಿ ಎಂದು ಅದರೊಳಗೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ, ಅದರ ಕೋಡ್‌ಪಾಯಿಂಟು 8205. ಅದು ಸೇರಿ 8 ಕೋಡ್‌ಪಾಯಿಂಟು, 24 ಬೈಟು. ಜೋಡಕವಿಲ್ಲದೆ ಟೈಪಿಸಿದ 'ರ್ಯಾಂಕ್' 7 ಮತ್ತು 21. ಹುಡುಕಾಟದಲ್ಲಿ ಇವೆರಡೂ ಬೇರೆ ಪದಗಳು. 'ಟ್ರಿಮ್' ಈ ಜೋಡಕವನ್ನು ತೆಗೆಯುವುದಿಲ್ಲ, ಏಕೆಂದರೆ ಅದು ಖಾಲಿ ಜಾಗವಲ್ಲ. ಯೂನಿಕೋಡ್ ನಾರ್ಮಲೈಸ್ ಮಾಡಿದರೂ (ಒಂದೇ ಅಕ್ಷರದ ಬೇರೆಬೇರೆ ಬರಹವನ್ನು ಒಂದೇ ರೂಪಕ್ಕೆ ತಂದರೂ) ಹೋಗುವುದಿಲ್ಲ. ಮೇಲೆ ಹೇಳಿದ ಜಾವಾಸ್ಕ್ರಿಪ್ಟಿನ ಎರಡು ವರ್ಗಗಳಲ್ಲೂ ಅದು ಸೇರದ ಕಾರಣ ಪದ ಅಲ್ಲೇ ಎರಡಾಗುತ್ತದೆ, ಚೌಕ ಕಂಸದೊಳಗೆ ಅದನ್ನು ಬೇರೆಯಾಗಿ ಸೇರಿಸಬೇಕು. ಹುಡುಕಾಟಕ್ಕೆಂದು ಇಡುವ ಕಾಲಮ್ಮಿನಿಂದ ಮಾತ್ರ ಅದನ್ನು ತೆಗೆದುಹಾಕಿ, ತೋರಿಸುವ ಕಾಲಮ್ಮಿನಲ್ಲಿ ಹಾಗೇ ಇರಲಿ. ಅಲ್ಲಿಂದಲೂ ತೆಗೆದರೆ ಅಂಕಪಟ್ಟಿಯ ಮೇಲೆ ರಕಾರ ಹೋಗಿ ಅರ್ಕಾವತ್ತು ಬಂದು ಕೂರುತ್ತದೆ.